ನಿಮ್ಮ ಚಿನ್ನದಲ್ಲಿ ಚಿನ್ನ ಎಷ್ಟು? ಪರೀಕ್ಷೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮ್ಮನ ಹಳೆಯ ಅವಲಕ್ಕಿ ಸರ ಬದಲಾಯಿಸಲು ಒಮ್ಮೆ ಅಂಗಡಿಗೆ ಹೋಗಿದ್ದೆವು. 24 ಗ್ರಾಂ ಸರ. ಅಂಗಡಿಯ ಮೆಷಿನ್ ನೂರಕ್ಕೆ 78 ಪಾಲು ಚಿನ್ನ ಅಂತ ತೋರಿಸಿತು. ಅಮ್ಮನ ಮುಖ ಸಪ್ಪಗಾಯಿತು. ಮನಸ್ಸು ಒಪ್ಪದೆ ರಸ್ತೆ ದಾಟಿ ಇನ್ನೊಂದು ಅಂಗಡಿಗೆ ಹೋದೆವು. ಅಲ್ಲಿ 89! ಸರ ಅದೇ, ನಡುವೆ ಕಳೆದದ್ದು ಅರ್ಧ ಗಂಟೆ. ಆವತ್ತಿನಿಂದ ಚಿನ್ನದ ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ತಿಳಿಯುವ ಹಟ ಹಿಡಿಯಿತು. ಅಕ್ಕಸಾಲಿಗರ ಹತ್ತಿರ ಕೂತೆ, ಒಡವೆಯ ಶುದ್ಧತೆ ಪರೀಕ್ಷಿಸಿ ಮುದ್ರೆ ಹಾಕುವ ಹಾಲ್‌ಮಾರ್ಕ್ ಕೇಂದ್ರದಲ್ಲಿ ನಿಂತು ನೋಡಿದೆ. ನೆಂಟರು, ಸ್ನೇಹಿತರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಟಚ್, ಕ್ಯಾರೆಟ್, 916: ಇವೆಲ್ಲ ಒಂದೇನಾ?

ಹೇಳುವ ವಿಷಯ ಒಂದೇ, ಅಳತೆಯ ಲೆಕ್ಕ ಬೇರೆ. ಕ್ಯಾರೆಟ್ ಅಂದರೆ 24 ಪಾಲಿನಲ್ಲಿ ಎಷ್ಟು ಪಾಲು ಚಿನ್ನ ಎಂಬ ಲೆಕ್ಕ. 22 ಕ್ಯಾರೆಟ್ ಅಂದರೆ 24ರಲ್ಲಿ 22 ಪಾಲು ಚಿನ್ನ, ಉಳಿದ 2 ಪಾಲು ತಾಮ್ರ, ಬೆಳ್ಳಿ, ಸತು ಹೀಗೆ ಬೇರೆ ಲೋಹ. ಅದನ್ನೇ ಸಾವಿರದ ಲೆಕ್ಕದಲ್ಲಿ ಹೇಳಿದರೆ 916. ನೂರರ ಲೆಕ್ಕದಲ್ಲಿ ಹೇಳಿದರೆ 91.6, ಇದನ್ನೇ ಪೇಟೆಯಲ್ಲಿ ಟಚ್ ಎನ್ನುತ್ತಾರೆ. 18 ಕ್ಯಾರೆಟ್ ಅಂದರೆ 750, 14 ಕ್ಯಾರೆಟ್ ಅಂದರೆ 585.

ಅಂಗಡಿಯವರು "84 ಟಚ್ ಬಂತು" ಅಂದರೆ ನೂರು ಗ್ರಾಂ ಒಡವೆಯಲ್ಲಿ 84 ಗ್ರಾಂ ಮಾತ್ರ ಚಿನ್ನ ಇದೆ ಅಂತ. ಅಂದರೆ 20 ಕ್ಯಾರೆಟ್‌ಗಿಂತ ಸ್ವಲ್ಪ ಜಾಸ್ತಿ.

ಅಪರಂಜಿಯಲ್ಲೇ ಒಡವೆ ಯಾಕೆ ಮಾಡುವುದಿಲ್ಲ?

ಅದು ತೀರಾ ಮೆದು. ಬಳೆ ಸೊಟ್ಟಗಾಗುತ್ತದೆ, ಕಲ್ಲು ಹಿಡಿದ ಕುಂದಣ ಸಡಿಲವಾಗುತ್ತದೆ. ತಾಮ್ರ, ಬೆಳ್ಳಿ ಸೇರಿದರೆ ಗಟ್ಟಿ. ಬೇರೆ ಲೋಹ ಸೇರಿಸುವುದೇ ಮೋಸ ಅಲ್ಲ. ಎಷ್ಟು ಸೇರಿಸಿದೆ ಎಂದು ಸುಳ್ಳು ಹೇಳುವುದು ಮೋಸ.

ಒರೆಗಲ್ಲನ್ನು ಇವತ್ತಿಗೂ ನಂಬಬಹುದಾ?

ನಂಬಬಹುದು, ಆದರೆ ಉಜ್ಜುವ ಕೈ ಮತ್ತು ನೋಡುವ ಕಣ್ಣು ಪಳಗಿರಬೇಕು. ಒರೆಗಲ್ಲು ಅಂದರೆ ನುಣುಪಾದ, ಗಟ್ಟಿಯಾದ ಕಪ್ಪು ಕಲ್ಲು. ಒಡವೆಯನ್ನು ಅದರ ಮೇಲೆ ಉಜ್ಜಿದರೆ ಒಂದು ಗೆರೆ ಮೂಡುತ್ತದೆ. ಪಕ್ಕದಲ್ಲೇ ಶುದ್ಧತೆ ಗೊತ್ತಿರುವ ಚಿನ್ನದ ಕಡ್ಡಿಯಿಂದ ಇನ್ನೊಂದು ಗೆರೆ ಎಳೆಯುತ್ತಾರೆ. ಎರಡನ್ನೂ ಹಗಲ ಬೆಳಕಿನಲ್ಲಿ ಹೋಲಿಸುತ್ತಾರೆ. ಗೆರೆ ಕೆಂಪಗಿದ್ದರೆ ತಾಮ್ರ ಜಾಸ್ತಿ, ಬಿಳಿಚಿಕೊಂಡಿದ್ದರೆ ಬೆಳ್ಳಿ ಜಾಸ್ತಿ. ಆಮೇಲೆ ಎರಡೂ ಗೆರೆಗಳ ಮೇಲೆ ಆಸಿಡ್‌ನ ಹನಿ ಬಿಡುತ್ತಾರೆ. ಕಡಿಮೆ ಚಿನ್ನದ ಗೆರೆ ಬೇಗ ಮಾಸುತ್ತದೆ.

ಈ ವಿದ್ಯೆ ಬಹಳ ಹಳೆಯದು. ಕಳಿಂಗದ ಕಲ್ಲು ಅಥವಾ ತಾಪಿ ನದಿಯ ಕಲ್ಲು, ಹೆಸರುಕಾಳಿನ ಬಣ್ಣದ್ದು, ಒರೆ ಹಚ್ಚಲು ಶ್ರೇಷ್ಠ ಎಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ. ಎರಡು ಸಾವಿರ ವರ್ಷದ ಹಿಂದೆಯೇ ನಮ್ಮವರು ಕಲ್ಲಿನ ಬಣ್ಣದವರೆಗೆ ಯೋಚಿಸಿದ್ದರು ಎಂದು ನೆನೆದರೆ ನನಗೆ ಈಗಲೂ ಮೈ ಜುಮ್ ಎನ್ನುತ್ತದೆ. "ಒರೆಗೆ ಹಚ್ಚಿ ನೋಡು" ಎಂಬ ಮಾತನ್ನು ನಾವು ಮನುಷ್ಯರಿಗೂ ಬಳಸುತ್ತೇವೆ ಅಲ್ವಾ?

ಮಿತಿ ಏನು? ಪಳಗಿದವರ ಕೈಯಲ್ಲೂ ಸಾವಿರಕ್ಕೆ 10ರಿಂದ 20ರಷ್ಟು ಆಚೀಚೆ ಆಗಬಹುದು. 916ಕ್ಕೂ 905ಕ್ಕೂ ಇರುವ ವ್ಯತ್ಯಾಸ ಕಲ್ಲಿನ ಮೇಲೆ ಕಾಣುವುದು ಕಷ್ಟ. ಇನ್ನೊಂದು ವಿಷಯ: ಗೆರೆ ಬರುವುದು ಒಡವೆಯ ಮೈಯಿಂದ. ದಪ್ಪಗೆ ಚಿನ್ನದ ನೀರು ಕುಡಿಸಿದ್ದರೆ ಗೆರೆಯೂ ಚಿನ್ನದ್ದೇ. ಅದಕ್ಕೇ ಅನುಭವಿ ಅಕ್ಕಸಾಲಿಗರು ಮೊದಲು ಅರದಿಂದ ಒಂದಿಷ್ಟು ತಿಕ್ಕಿ, ಒಳಮೈ ಕಂಡ ಮೇಲೆ ಒರೆ ಹಚ್ಚುತ್ತಾರೆ.

ಅಂಗಡಿಯ ಮೆಷಿನ್ ಒಳಗೆ ಏನಾಗುತ್ತದೆ?

ಅದರ ಹೆಸರು ಎಕ್ಸ್‌ಆರ್‌ಎಫ್. ಮೆಷಿನ್ ಒಡವೆಯ ಮೇಲೆ ಎಕ್ಸ್‌ರೇ ಬಿಡುತ್ತದೆ. ಆ ಕಿರಣದ ಪೆಟ್ಟಿಗೆ ಪರಮಾಣುವಿನ ಒಳಸುತ್ತಿನ ಒಂದು ಎಲೆಕ್ಟ್ರಾನ್ ಹಾರಿಹೋಗುತ್ತದೆ. ಖಾಲಿಯಾದ ಜಾಗಕ್ಕೆ ಹೊರಸುತ್ತಿನ ಎಲೆಕ್ಟ್ರಾನ್ ಇಳಿಯುತ್ತದೆ. ಇಳಿಯುವಾಗ ಅದು ತನ್ನದೇ ಒಂದು ಎಕ್ಸ್‌ರೇ ಹೊರಗೆ ಬಿಡುತ್ತದೆ. ಚಿನ್ನದಿಂದ ಬರುವ ಕಿರಣದ ಶಕ್ತಿ ಬೇರೆ, ತಾಮ್ರದ್ದು ಬೇರೆ, ಬೆಳ್ಳಿಯದ್ದು ಬೇರೆ. ಧ್ವನಿ ಕೇಳಿಯೇ ಮನೆಯಲ್ಲಿ ಯಾರು ಮಾತಾಡುತ್ತಿದ್ದಾರೆ ಎಂದು ನಮಗೆ ಗೊತ್ತಾಗುವುದಿಲ್ಲವೇ, ಹಾಗೆಯೇ. ಯಾವ ಲೋಹದ ಕಿರಣ ಎಷ್ಟು ಬಂತು ಎಂದು ಎಣಿಸಿ ಮೆಷಿನ್ ಪರದೆಯ ಮೇಲೆ ಲೆಕ್ಕ ತೋರಿಸುತ್ತದೆ.

ಒಡವೆ ಸವೆಯುವುದಿಲ್ಲ, ಕತ್ತರಿಸಬೇಕಾಗಿಲ್ಲ, ಒಂದೆರಡು ನಿಮಿಷ ಸಾಕು. ಅದಕ್ಕೇ ಇದು ಎಲ್ಲ ಕಡೆ ಬಂದಿದೆ. ಆದರೆ ಚಿನ್ನ ಭಾರದ ಲೋಹ, ಎಕ್ಸ್‌ರೇಯನ್ನು ಚೆನ್ನಾಗಿ ತಡೆಯುತ್ತದೆ. ಒಳಗಿನಿಂದ ಹೊರಟ ಕಿರಣ ಹೊರಗೆ ಬರುವುದೇ ಇಲ್ಲ. ಹಾಗಾಗಿ ಮೆಷಿನ್ ನೋಡುವುದು ತಲೆಕೂದಲಿನ ದಪ್ಪಕ್ಕಿಂತ ಕಡಿಮೆ ಆಳವನ್ನು ಮಾತ್ರ. ಅದು ನೋಡುವ ಜಾಗವೂ ಒಂದು ಸಣ್ಣ ಚುಕ್ಕೆ ಅಷ್ಟೇ.

ಹಾಗಾದರೆ ಆ ಸರಕ್ಕೆ 78, 89 ಅಂತ ಎರಡು ಲೆಕ್ಕ ಬಂದದ್ದು ಹೇಗೆ?

ಉತ್ತರ ಸಿಕ್ಕಿದ್ದು ಹಾಲ್‌ಮಾರ್ಕ್ ಕೇಂದ್ರದಲ್ಲಿ. ಅಲ್ಲಿನ ಹುಡುಗ ಸರವನ್ನು ಐದಾರು ಕಡೆ ಇಟ್ಟು ನೋಡಿದ. ಅವಲಕ್ಕಿ ಎಸಳುಗಳ ಮೇಲೆ 88, 89. ಕೊಂಡಿಯ ಹತ್ತಿರ, ಬೆಸುಗೆ ಹಾಕಿದ ಜಾಗದಲ್ಲಿ 78. ಮೊದಲ ಅಂಗಡಿಯವರು ಕೊಂಡಿಯ ಹತ್ತಿರ ಇಟ್ಟು, ಒಂದೇ ಸಲ ನೋಡಿ ಇಡೀ ಸರಕ್ಕೆ ಅದೇ ಲೆಕ್ಕ ಕಟ್ಟಿದ್ದರು.

ಬೆಸುಗೆ ಬೇಗ ಕರಗಬೇಕು, ಒಡವೆ ಕರಗಬಾರದು. ಅದಕ್ಕಾಗಿ ಬೆಸುಗೆಯಲ್ಲಿ ಬೇರೆ ಲೋಹ ಜಾಸ್ತಿ ಇರುತ್ತಿತ್ತು. ಹಳೆಯ ಒಡವೆಗಳಲ್ಲಿ ಇದು ಸಾಮಾನ್ಯ. ಕೊನೆಗೆ ಸರ ಕರಗಿಸಿ ನೋಡಿದಾಗ ಬಂದದ್ದು 87, ಯಾಕೆಂದರೆ ಎಸಳು, ಬೆಸುಗೆ ಎಲ್ಲ ಕಲೆತು ಒಂದಾಗಿತ್ತು. 78ಕ್ಕೂ 87ಕ್ಕೂ 9 ಟಚ್ ವ್ಯತ್ಯಾಸ. 24 ಗ್ರಾಂ ಸರದಲ್ಲಿ ಅದು ಎರಡು ಗ್ರಾಂಗಿಂತ ಜಾಸ್ತಿ ಚಿನ್ನ. ಅಮ್ಮ ವರ್ಷಗಟ್ಟಲೆ ಕೂಡಿಟ್ಟು ಮಾಡಿಸಿದ್ದು ಅದು. ಆದ್ದರಿಂದ ಯಾರಾದರೂ ಒಂದೇ ಕಡೆ ನೋಡಿ ಲೆಕ್ಕ ಹೇಳಿದರೆ "ಇನ್ನೂ ಎರಡು ಮೂರು ಕಡೆ ಇಟ್ಟು ನೋಡಿ" ಎಂದು ಸಂಕೋಚ ಬಿಟ್ಟು ಕೇಳಿ.

ಬೆಂಕಿ ಪರೀಕ್ಷೆ ಅಂದರೆ ಏನು? ಎಲ್ಲರೂ ಅದೇ ಕೊನೆಯ ಮಾತು ಅನ್ನುತ್ತಾರಲ್ಲ?

ಹೌದು, ಕೋರ್ಟಿನಲ್ಲೂ ನಿಲ್ಲುವ ಪರೀಕ್ಷೆ ಇದು. ಫೈರ್ ಅಸೇ ಎನ್ನುತ್ತಾರೆ. ನೋಡಲು ನನಗೆ ಅತ್ಯಂತ ಇಷ್ಟವಾದದ್ದೂ ಇದೇ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಡವೆಯಿಂದ ಸುಮಾರು 250 ಮಿಲಿಗ್ರಾಂ ಚೂರನ್ನು ಕೆರೆದು ತೆಗೆಯುತ್ತಾರೆ. ಉಸಿರು ತಾಗಿದರೂ ಅಲುಗುವಂಥ ಸೂಕ್ಷ್ಮ ತಕ್ಕಡಿಯಲ್ಲಿ ತೂಗುತ್ತಾರೆ. ಆಮೇಲೆ ಅದಕ್ಕೆ ಬೆಳ್ಳಿ ಸೇರಿಸುತ್ತಾರೆ! ಚಿನ್ನ ಎಷ್ಟಿದೆ ಎಂದು ನೋಡಲು ಹೊರಟವರು ಬೆಳ್ಳಿ ಯಾಕೆ ಸೇರಿಸುತ್ತಾರೆ ಎಂದು ನನಗೂ ಆಶ್ಚರ್ಯವಾಗಿತ್ತು. ಕಾರಣ ಮುಂದೆ ಬರುತ್ತದೆ.

ಚಿನ್ನ, ಬೆಳ್ಳಿ ಎರಡನ್ನೂ ಸೀಸದ ತೆಳು ಹಾಳೆಯಲ್ಲಿ ಸುತ್ತಿ ಒಂದು ಪುಟ್ಟ ಬಟ್ಟಲಿನಲ್ಲಿ ಇಡುತ್ತಾರೆ. ಈ ಬಟ್ಟಲನ್ನು ಹಿಂದೆ ಮೂಳೆಯ ಬೂದಿಯಿಂದ ಮಾಡುತ್ತಿದ್ದರು, ಈಗ ಮೆಗ್ನೀಷಿಯಾದ ಬಟ್ಟಲುಗಳೂ ಇವೆ. ಸಾವಿರ ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ಇರುವ ಕುಲುಮೆಯಲ್ಲಿ, ಗಾಳಿ ಆಡುವ ಹಾಗೆ ಇಡುತ್ತಾರೆ. ಸೀಸ ಕರಗಿ ಗಾಳಿಯ ಜೊತೆ ಸೇರಿ ಭಸ್ಮವಾಗುತ್ತದೆ. ತಾಮ್ರ, ಸತುವನ್ನೂ ತನ್ನ ಜೊತೆಗೆ ಎಳೆದುಕೊಳ್ಳುತ್ತದೆ. ಒಣ ಮಣ್ಣು ನೀರು ಕುಡಿದ ಹಾಗೆ ಬಟ್ಟಲು ಅದನ್ನೆಲ್ಲ ಹೀರಿಕೊಳ್ಳುತ್ತದೆ. ಚಿನ್ನ, ಬೆಳ್ಳಿ ಮಾತ್ರ ಜಗ್ಗುವುದಿಲ್ಲ. ಕೊನೆಯ ಸೀಸದ ಪೊರೆ ಹೋಗುವಾಗ, ಉಳಿದ ಲೋಹದ ಪುಟ್ಟ ಗುಂಡಿನ ಮೇಲೆ ಕಾಮನಬಿಲ್ಲಿನ ಬಣ್ಣಗಳು ಓಡಾಡಿ, ಫಳ್ ಎಂದು ಒಂದು ಮಿಂಚು ಹೊಳೆಯುತ್ತದೆ. ಪರೀಕ್ಷಕರು ಕಾಯುವುದು ಆ ಮಿಂಚಿಗೆ.

ಈಗ ಬಟ್ಟಲಿನಲ್ಲಿ ಉಳಿದದ್ದು ಚಿನ್ನ, ಬೆಳ್ಳಿ ಬೆರೆತ ಒಂದು ಗುಂಡು. ಅದನ್ನು ಸುತ್ತಿಗೆಯಲ್ಲಿ ತಟ್ಟಿ, ಕಾಯಿಸಿ, ರೋಲರ್‌ನಲ್ಲಿ ತೆಳ್ಳಗೆ ಮಾಡಿ, ಚಾಪೆಯ ಹಾಗೆ ಸುರುಳಿ ಸುತ್ತುತ್ತಾರೆ. ಆ ಸುರುಳಿಯನ್ನು ನೈಟ್ರಿಕ್ ಆಸಿಡ್‌ನಲ್ಲಿ ಕುದಿಸುತ್ತಾರೆ. ಬೆಳ್ಳಿ ಕರಗಿ ಹೋಗುತ್ತದೆ, ಚಿನ್ನ ಉಳಿಯುತ್ತದೆ. ಮೊದಲೇ ಬೆಳ್ಳಿ ಸೇರಿಸಿದ್ದು ಇದಕ್ಕೇ. ಚಿನ್ನ ಜಾಸ್ತಿ ಇದ್ದರೆ ಅದು ಒಳಗಿನ ಬೆಳ್ಳಿಯನ್ನು ಆಸಿಡ್‌ಗೆ ಸಿಗದಂತೆ ಮುಚ್ಚಿಡುತ್ತದೆ. ಚಿನ್ನ ಸುಮಾರು ಕಾಲು ಭಾಗಕ್ಕೆ ಇಳಿದರೆ ಆಸಿಡ್ ಒಳಗೆಲ್ಲ ನುಗ್ಗಿ ಬೆಳ್ಳಿಯನ್ನು ಪೂರ್ತಿ ತೆಗೆಯುತ್ತದೆ.

ಆಸಿಡ್‌ನಿಂದ ಹೊರಬಂದ ಸುರುಳಿ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಮುಟ್ಟಿದರೆ ಪುಡಿಯಾಗುವ ಹಾಗಿರುತ್ತದೆ. ಇದು ಚಿನ್ನ ಎಂದರೆ ಯಾರೂ ನಂಬಲಾರರು. ತೊಳೆದು ಕೆಂಪಗೆ ಕಾಯಿಸಿದರೆ ಕಣ್ಣೆದುರೇ ಹಳದಿಗೆ ತಿರುಗುತ್ತದೆ. "ಪುಟಕ್ಕಿಟ್ಟ ಚಿನ್ನ" ಎಂಬ ಮಾತಿನ ಅರ್ಥ ನನಗೆ ಪೂರ್ತಿ ತಿಳಿದದ್ದು ಆ ಕ್ಷಣದಲ್ಲಿ. ಅದನ್ನು ತೂಗಿದಾಗ 229.2 ಮಿಲಿಗ್ರಾಂ ಬಂತು ಅನ್ನಿ. 250ರಲ್ಲಿ 229.2 ಅಂದರೆ ಸಾವಿರಕ್ಕೆ 916.8. ಒಡವೆ 22 ಕ್ಯಾರೆಟ್ ನಿಜ.

ಇದೇ ಹೊತ್ತಿನಲ್ಲಿ ಪಕ್ಕದ ಬಟ್ಟಲುಗಳಲ್ಲಿ ಶುದ್ಧ ಚಿನ್ನದ ಮಾದರಿಯನ್ನೂ ಇಟ್ಟಿರುತ್ತಾರೆ. ಅದರಲ್ಲಿ ಬಂದ ಸಣ್ಣ ಏರುಪೇರನ್ನು ಲೆಕ್ಕದಲ್ಲಿ ಸರಿಪಡಿಸುತ್ತಾರೆ. ಚೆನ್ನಾಗಿ ಮಾಡಿದರೆ ತಪ್ಪು ಸಾವಿರಕ್ಕೆ ಒಂದಕ್ಕಿಂತ ಕಡಿಮೆ.

ಬೆಂಕಿ ಪರೀಕ್ಷೆಯನ್ನೂ ದಾರಿ ತಪ್ಪಿಸಬಹುದಾ?

ತಪ್ಪಿಸಬಹುದು. ಇರಿಡಿಯಂ, ರುಥೇನಿಯಂ ಎಂಬ ಲೋಹಗಳಿವೆ. ಇವು ಸೀಸದ ಜೊತೆ ಹೋಗುವುದಿಲ್ಲ, ನೈಟ್ರಿಕ್ ಆಸಿಡ್‌ಗೂ ಕರಗುವುದಿಲ್ಲ. ಕೊನೆಗೆ ಸುರುಳಿಯಲ್ಲೇ ಉಳಿದು ಚಿನ್ನದ ಲೆಕ್ಕಕ್ಕೆ ಸೇರಿಬಿಡುತ್ತವೆ. ಎಕ್ಸ್‌ಆರ್‌ಎಫ್ ಮಾತ್ರ ಇವನ್ನು ಬೇರೆ ಲೋಹ ಎಂದು ಗುರುತಿಸುತ್ತದೆ.

ಬೆಂಕಿ ಮೇಲು, ಮೆಷಿನ್ ಕೀಳು ಎಂಬ ಜಗಳವನ್ನು ನಾನು ಒಪ್ಪದಿರುವುದು ಇದಕ್ಕೇ. ಹಾಲ್‌ಮಾರ್ಕ್ ಕೇಂದ್ರದಲ್ಲಿ ಮೊದಲು ಒಡವೆಗಳನ್ನು ಎಕ್ಸ್‌ಆರ್‌ಎಫ್‌ನಲ್ಲಿ ನೋಡುತ್ತಾರೆ. ಆಮೇಲೆ ಆ ಗುಂಪಿನಿಂದ ಕೆಲವನ್ನು ಆರಿಸಿ, ಕೆರೆದು, ಬೆಂಕಿಗೆ ಹಾಕುತ್ತಾರೆ. ಒಂದರ ಕಣ್ಣಿಗೆ ಬೀಳದ್ದು ಇನ್ನೊಂದರ ಕಣ್ಣಿಗೆ ಬೀಳುತ್ತದೆ.

ನೀರಿನಲ್ಲಿ ತೂಗಿ ನೋಡಿದರೆ ಗೊತ್ತಾಗುತ್ತದಂತೆ, ನಿಜವೇ?

ಅರ್ಧ ನಿಜ. ಚಿನ್ನ ನೀರಿಗಿಂತ 19.3 ಪಟ್ಟು ಭಾರ. ಬೆಳ್ಳಿ 10.5 ಪಟ್ಟು, ತಾಮ್ರ ಸುಮಾರು 9 ಪಟ್ಟು. ಒಡವೆಯನ್ನು ಗಾಳಿಯಲ್ಲಿ ಒಮ್ಮೆ, ನೀರಿನಲ್ಲಿ ಮುಳುಗಿಸಿ ಒಮ್ಮೆ ತೂಗಿದರೆ ಅದರ ಸಾಂದ್ರತೆ ಸಿಗುತ್ತದೆ. 22 ಕ್ಯಾರೆಟ್ ಒಡವೆಗೆ ಸುಮಾರು 17.6ರಿಂದ 18 ಬರಬೇಕು.

ತೊಂದರೆ ಎರಡು. ಟೊಳ್ಳು ಒಡವೆ, ಅರಗು ತುಂಬಿದ ಒಡವೆ, ಕಲ್ಲಿನ ಒಡವೆಗಳಿಗೆ ಈ ಲೆಕ್ಕ ಹಿಡಿಯುವುದಿಲ್ಲ. ಎರಡನೆಯದು ಟಂಗ್‌ಸ್ಟನ್. ಅದರ ಸಾಂದ್ರತೆ 19.25, ಚಿನ್ನಕ್ಕೆ ಹತ್ತಿರಹತ್ತಿರ. ಚಿನ್ನದ ಗಟ್ಟಿಯ ಒಳಗೆ ಟಂಗ್‌ಸ್ಟನ್ ತುಂಬಿದರೆ ನೀರಿನ ತೂಕವೂ ಪಾಸ್, ಮೇಲ್ಮೈ ನೋಡುವ ಮೆಷಿನ್ನೂ ಪಾಸ್. ದೊಡ್ಡ ಗಟ್ಟಿಗಳನ್ನು ತೂತು ಕೊರೆದು ಅಥವಾ ಅಲ್ಟ್ರಾಸೌಂಡ್ ಹಾಯಿಸಿ ಪರೀಕ್ಷಿಸುವುದು ಈ ಭಯದಿಂದಲೇ.

ಮನೆಯಲ್ಲೇ ಪರೀಕ್ಷೆ ಮಾಡಬಹುದಾ? ಅಯಸ್ಕಾಂತ, ವಿನೆಗರ್, ಹಲ್ಲಿನಲ್ಲಿ ಕಚ್ಚುವುದು?

ಅಯಸ್ಕಾಂತಕ್ಕೆ ಅಂಟಿದರೆ ಒಳಗೆ ಕಬ್ಬಿಣದಂಥ ಲೋಹ ಇದೆ ಅಂತ ಮಾತ್ರ ಗೊತ್ತಾಗುತ್ತದೆ. ಅಂಟದಿದ್ದರೆ ಏನೂ ಗೊತ್ತಾಗುವುದಿಲ್ಲ. ತಾಮ್ರ, ಹಿತ್ತಾಳೆ, ಬೆಳ್ಳಿ ಯಾವುದೂ ಅಂಟುವುದಿಲ್ಲ. ಕೆಲವು ಕೊಂಡಿಗಳ ಒಳಗೆ ಉಕ್ಕಿನ ಸ್ಪ್ರಿಂಗ್ ಇರುತ್ತದೆ, ಅದು ಅಂಟಿತು ಅಂತ ಸುಮ್ನೆ ಗಾಬರಿಯಾಗಬೇಡಿ. ವಿನೆಗರ್‌ನಿಂದ ನಂಬುವಂಥದ್ದು ಏನೂ ತಿಳಿಯುವುದಿಲ್ಲ. ಕಚ್ಚಿದರೆ ಹಲ್ಲಿಗೂ ಒಡವೆಗೂ ನಷ್ಟ.

ಆನ್‌ಲೈನ್‌ನಲ್ಲಿ ಸಿಗುವ ಆಸಿಡ್ ಬಾಟಲಿಗಳನ್ನು ದಯವಿಟ್ಟು ಮನೆಗೆ ತರಬೇಡಿ. ನೈಟ್ರಿಕ್ ಆಸಿಡ್ ಚರ್ಮ ಸುಡುತ್ತದೆ, ಅದರ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ.

"ಇದು ಕೆಡಿಎಂ ಚಿನ್ನ" ಎಂದು ಹೆಮ್ಮೆಯಿಂದ ಹೇಳುತ್ತಾರೆ. ಒಳ್ಳೆಯದೇ ತಾನೇ?

ಕೆಡಿಎಂ ಎಂಬ ಹೆಸರು ಕ್ಯಾಡ್ಮಿಯಂನಿಂದ ಬಂದದ್ದು. ಚಿನ್ನಕ್ಕೆ ಸ್ವಲ್ಪವೇ ಕ್ಯಾಡ್ಮಿಯಂ ಸೇರಿಸಿದರೂ ಬೇಗ ಕರಗುವ ಬೆಸುಗೆ ಸಿಗುತ್ತಿತ್ತು. ಹಾಗಾಗಿ ಬೆಸುಗೆ ಜಾಗದಲ್ಲೂ ಚಿನ್ನ ಕಡಿಮೆಯಾಗುತ್ತಿರಲಿಲ್ಲ. ಅಮ್ಮನ ಸರದ ಕೊಂಡಿಯಲ್ಲಿ ಇದ್ದಂಥ ತೊಂದರೆಗೆ ಅದು ಪರಿಹಾರವೇ ಆಗಿತ್ತು. ಆದರೆ ಕ್ಯಾಡ್ಮಿಯಂ 767 ಡಿಗ್ರಿಗೆ ಕುದಿದು ಆವಿಯಾಗುತ್ತದೆ. ಬೆಸುಗೆ ಹಾಕುವಾಗ ಆ ವಿಷದ ಹೊಗೆ ಹೋಗುತ್ತಿದ್ದುದು ಊದುಕೊಳವೆ ಹಿಡಿದು ಬಗ್ಗಿ ಕೂತ ಅಕ್ಕಸಾಲಿಗನ ಎದೆಗೆ. ಮೂತ್ರಪಿಂಡ, ಶ್ವಾಸಕೋಶ ಎರಡನ್ನೂ ಅದು ಹಾಳುಮಾಡುತ್ತದೆ. ಹಾಲ್‌ಮಾರ್ಕ್ ಒಡವೆಯಲ್ಲಿ ಕ್ಯಾಡ್ಮಿಯಂ ಬಳಸುವ ಹಾಗಿಲ್ಲ. ಕೆಡಿಎಂ ಎಂಬ ಮುದ್ರೆ ಶುದ್ಧತೆಯ ಸರ್ಕಾರಿ ಗುರುತೂ ಅಲ್ಲ.

ಹಾಲ್‌ಮಾರ್ಕ್‌ನಲ್ಲಿ ಏನೇನು ನೋಡಬೇಕು?

ಮೂರು ಗುರುತು. ಬಿಐಎಸ್‌ನ, ಅಂದರೆ ಭಾರತೀಯ ಮಾನಕ ಬ್ಯೂರೋದ, ತ್ರಿಕೋನದ ಲಾಂಛನ. ಶುದ್ಧತೆ, ಉದಾಹರಣೆಗೆ 22ಕೆ916. ಆಮೇಲೆ ಅಕ್ಷರ, ಅಂಕೆ ಸೇರಿದ ಆರು ಗುರುತಿನ ಎಚ್‌ಯುಐಡಿ. ಪ್ರತಿ ಒಡವೆಗೂ ಎಚ್‌ಯುಐಡಿ ಬೇರೆ ಬೇರೆ. ಇದು ಬಂದದ್ದು 2021ರ ಜುಲೈನಲ್ಲಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯವಾದ ಕಡೆ ಎಚ್‌ಯುಐಡಿ ಇಲ್ಲದ ಒಡವೆ ಮಾರುವ ಹಾಗಿಲ್ಲ. ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆ, ಕುಂದನ್, ಪೋಲ್ಕಿ ಎಂಬ ಕಲ್ಲು ಕೂರಿಸಿದ ಒಡವೆಗಳಿಗೆ ವಿನಾಯಿತಿ ಇದೆ.

ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಎಚ್‌ಯುಐಡಿ ಹಾಕಿದರೆ ಪರೀಕ್ಷೆ ಮಾಡಿದ ಕೇಂದ್ರ, ಶುದ್ಧತೆ, ಒಡವೆಯ ಬಗೆ ಎಲ್ಲ ಬರುತ್ತದೆ. ಒಡವೆಯ ಬಗೆ ನೋಡುವುದನ್ನು ಮಾತ್ರ ಮರೆಯಬೇಡಿ. ನಿಮ್ಮ ಕೈಯಲ್ಲಿ ಬಳೆ ಇದ್ದು ಆ್ಯಪ್‌ನಲ್ಲಿ ಉಂಗುರ ಎಂದು ಬಂದರೆ ಯಾರದೋ ನಂಬರ್ ಕದ್ದು ಹೊಡೆದಿದ್ದಾರೆ ಎಂದರ್ಥ. ದುಡ್ಡು ಕೊಡುವ ಮೊದಲು, ಅಂಗಡಿಯಲ್ಲೇ ಕೂತು ನೋಡಿ. ಗುರುತು ಸಣ್ಣದು, ಭೂತಗನ್ನಡಿ ಕೇಳಿ ಪಡೆಯಿರಿ.

ನಾನೇ ಒಡವೆ ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿಸಬಹುದಾ?

ಖಂಡಿತ. ಬಹಳ ಜನರಿಗೆ ಇದು ಗೊತ್ತೇ ಇಲ್ಲ. ಬಿಐಎಸ್ ಮಾನ್ಯತೆ ಇರುವ ಯಾವ ಹಾಲ್‌ಮಾರ್ಕ್ ಕೇಂದ್ರಕ್ಕಾದರೂ ಹೋಗಬಹುದು. ಸರ್ಕಾರ ಪ್ರಕಟಿಸಿದ ದರದಲ್ಲಿ ನಾಲ್ಕು ಒಡವೆಗಳವರೆಗೆ 200 ರೂಪಾಯಿ, ಐದು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಒಂದಕ್ಕೆ 45 ರೂಪಾಯಿ. ಹೋಗುವ ದಿನ ಚಾಲ್ತಿಯ ದರ ಕೇಳಿಕೊಳ್ಳಿ. ಬರವಣಿಗೆಯಲ್ಲಿ ವರದಿ ಕೊಡುತ್ತಾರೆ. ಹಳೆಯ ಒಡವೆ ಮಾರುವ ಮೊದಲು ಆ ವರದಿ ಕೈಯಲ್ಲಿದ್ದರೆ ಮಾತಾಡುವ ಧೈರ್ಯವೇ ಬೇರೆ.

ಹಾಲ್‌ಮಾರ್ಕ್ ಒಡವೆಯಲ್ಲೇ ಶುದ್ಧತೆ ಕಡಿಮೆ ಬಂದರೆ?

2018ರ ಬಿಐಎಸ್ ನಿಯಮದ ಪ್ರಕಾರ, ಕಡಿಮೆಯಾದ ಚಿನ್ನದ ಬೆಲೆಯ ಎರಡರಷ್ಟು ಪರಿಹಾರ ಮತ್ತು ಪರೀಕ್ಷೆಯ ಖರ್ಚು ನಿಮಗೆ ಸಿಗಬೇಕು. 20 ಗ್ರಾಂ ಚೈನ್‌ನಲ್ಲಿ 916 ಇರಬೇಕಾದಲ್ಲಿ 850 ಬಂತು ಅಂದುಕೊಳ್ಳಿ. ಕೊರತೆ ಸಾವಿರಕ್ಕೆ 66. ಅಂದರೆ 1.32 ಗ್ರಾಂ ಚಿನ್ನ ಕಡಿಮೆ. ನಿಮಗೆ ಬರಬೇಕಾದ್ದು 2.64 ಗ್ರಾಂ ಚಿನ್ನದ ಬೆಲೆ. ಬಿಲ್ ಇಲ್ಲದೆ ಈ ದಾರಿ ಕಷ್ಟ. "ಬಿಲ್ ಬೇಡ ಅಂದರೆ ಸ್ವಲ್ಪ ಕಮ್ಮಿ ಮಾಡ್ತೀನಿ" ಎಂಬ ಮಾತಿಗೆ ಮರುಳಾಗಬೇಡಿ.

ಅಜ್ಜಿಯ ಕಾಲದ ಒಡವೆಗೆ ಹಾಲ್‌ಮಾರ್ಕ್ ಇಲ್ಲ. ಮಾರಲು ಆಗುವುದಿಲ್ಲವೇ?

ಆಗುತ್ತದೆ. ಕಡ್ಡಾಯ ಇರುವುದು ಮಾರುವ ಅಂಗಡಿಗೆ, ಮನೆಯವರಿಗಲ್ಲ. ಹಾಲ್‌ಮಾರ್ಕ್ ಇಲ್ಲ ಎಂಬ ಒಂದೇ ಕಾರಣಕ್ಕೆ ಬೆಲೆ ಇಳಿಸಿದರೆ ಒಪ್ಪಬೇಡಿ. ಬೆಲೆ ನಿಲ್ಲಬೇಕಾದ್ದು ಒಳಗಿರುವ ಚಿನ್ನದ ಮೇಲೆ.

ಬೆಳ್ಳಿಗೂ ಹೀಗೇನಾ?

ಬೆಳ್ಳಿಯಲ್ಲಿ ಮೋಸ ಇನ್ನೂ ಜಾಸ್ತಿ ಎಂದು ನನ್ನ ಅನುಭವ, ಯಾಕೆಂದರೆ ಕಾಲ್ಗೆಜ್ಜೆ, ದೀಪದ ಕಂಬಗಳನ್ನು ಯಾರೂ ಪರೀಕ್ಷಿಸಲು ಹೋಗುವುದಿಲ್ಲ. 925 ಅಂದರೆ ಸಾವಿರದಲ್ಲಿ 925 ಬೆಳ್ಳಿ. ಪ್ರಯೋಗಾಲಯದಲ್ಲಿ ಬೆಳ್ಳಿಯನ್ನು ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಿ, ಅಳತೆ ಗೊತ್ತಿರುವ ಉಪ್ಪಿನ ದ್ರಾವಣ ಬಿಡುತ್ತಾ ಹೋಗುತ್ತಾರೆ. ಒಡೆದ ಹಾಲಿನ ಹಾಗೆ ಬಿಳಿ ಗಸಿ ಬೀಳುತ್ತದೆ. ಎಷ್ಟು ಉಪ್ಪು ಖರ್ಚಾಯಿತು ಎಂಬುದರಿಂದ ಬೆಳ್ಳಿ ಎಷ್ಟಿತ್ತು ಎಂದು ತಿಳಿಯುತ್ತದೆ.

ಗಣಿಯಲ್ಲೂ ಇದೇ ಪರೀಕ್ಷೆಯೇ?

ಮೂಲ ತತ್ವ ಅದೇ. ಕೋಲಾರದ ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು, ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇನ್ನೂ ಚಿನ್ನ ತೆಗೆಯುತ್ತಿದ್ದಾರೆ. ಇಂಥ ಗಣಿಗಳಲ್ಲಿ ಒಂದು ಟನ್ ಅದಿರಿನಲ್ಲಿ ಸಿಗುವುದು ಕೆಲವೇ ಗ್ರಾಂ ಚಿನ್ನ. ಅದನ್ನು ಅಳೆಯಲು ಅದಿರಿನ ಪುಡಿಗೆ ಸೀಸದ ಭಸ್ಮ, ಸೋಡಾ, ಬೊರಾಕ್ಸ್, ಜೊತೆಗೆ ಒಂದು ಚಿಟಿಕೆ ಗೋಧಿ ಹಿಟ್ಟು ಬೆರೆಸಿ ಮೂಸೆಯಲ್ಲಿ ಕರಗಿಸುವುದು ಹಳೆಯ ಪದ್ಧತಿ. ಹೌದು, ಅಡುಗೆಮನೆಯ ಹಿಟ್ಟೇ! ಹಿಟ್ಟಿನ ಇಂಗಾಲ ಭಸ್ಮವನ್ನು ಮತ್ತೆ ಸೀಸ ಮಾಡುತ್ತದೆ. ಆ ಸೀಸದ ಹನಿಗಳು ಚಿನ್ನದ ಕಣಗಳನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತವೆ. ಆಮೇಲೆ ಮೇಲೆ ಹೇಳಿದ ಬಟ್ಟಲಿನ ಕೆಲಸ.

ಅಂಗಡಿಯಲ್ಲಿ ಹಳೆಯ ಒಡವೆ ಕರಗಿಸುವಾಗ ಏನು ಗಮನಿಸಬೇಕು?

ಕಲ್ಲು, ಮುತ್ತು, ಕರಿಮಣಿ, ಅರಗನ್ನು ಮೊದಲು ತೆಗೆಸಿ. ಆಮೇಲೆ ನಿಮ್ಮ ಕಣ್ಣೆದುರು ತೂಗಿಸಿ, ಆ ತೂಕವನ್ನು ಚೀಟಿಯಲ್ಲಿ ಬರೆಸಿ. ಕರಗಿಸುವ ಕಡೆ ನೀವೂ ಹೋಗಿ ನಿಲ್ಲಿ, ಬೇಡ ಎನ್ನುವ ಕಡೆ ಕೊಡಬೇಡಿ. ಕರಗಿದ ಗಟ್ಟಿಯನ್ನು ಮತ್ತೆ ತೂಗಿಸಿ. ಕೊಳೆ, ಎಣ್ಣೆ ಸುಟ್ಟು ತೂಕ ಸ್ವಲ್ಪ ಇಳಿಯುವುದು ಸಹಜ. ತುಂಬಾ ಇಳಿದರೆ ಮೂಸೆಯ ತಳ ತೋರಿಸಲು ಹೇಳಿ. ಗಟ್ಟಿಯನ್ನು ಮೆಷಿನ್‌ನಲ್ಲಿ ಮೇಲೊಮ್ಮೆ, ಕೆಳಗೊಮ್ಮೆ ಇಟ್ಟು ನೋಡಿಸಿ. ಲೆಕ್ಕ ಒಪ್ಪಿಗೆಯಾಗದಿದ್ದರೆ ಗಟ್ಟಿಯನ್ನು ವಾಪಸ್ ತೆಗೆದುಕೊಂಡು ಬರುವ ಹಕ್ಕು ನಿಮಗಿದೆ. ಅಮ್ಮನ ಸರದ ಗಟ್ಟಿಯನ್ನು ನಾವು ಹಾಗೆಯೇ ಮನೆಗೆ ತಂದೆವು. ಮುಂದಿನ ಯುಗಾದಿಗೆ ಅದೇ ಚಿನ್ನದಲ್ಲಿ ಅಮ್ಮ ಎರಡು ಬಳೆ ಮಾಡಿಸಿಕೊಂಡರು.